ನಾನು ಸಾಧು ಹಕ್ಕಿಯಲ್ಲ

ನಾನು ಒಂದು ಹಸಿರು ಲವ್ ಬರ್ಡ್. ಹುಟ್ಟಿದ್ದು ಮರದ ಪೊಟರೆಯಲ್ಲಲ್ಲ. ಮೈಸೂರಿನ ಹಕ್ಕಿ ಅಂಗಡಿಯೊಂದರ ಗೋಡೆಗೆ ತೂಗುಹಾಕಿದ್ದ ಮಣ್ಣಿನ ಕುಡಿಕೆಯಲ್ಲಿ. ಕಣ್ಣು ಬಿಟ್ಟಾಗ ಕಂಡದ್ದು ಕುಡಿಕೆಯ ಬಾಯಷ್ಟು ಬೆಳಕು. ಅಷ್ಟಕ್ಕೇ ನಾನು ಅಂಗಡಿ ಕಿತ್ತುಹೋಗುವಂತೆ ಕೂಗಿದೆ.

ಅಂಗಡಿಯ ಜವರಪ್ಪನಿಗೆ ನನ್ನ ಮೇಲೆ ಮುನಿಸು. ಗಿರಾಕಿ ಬಂದಾಗಲೆಲ್ಲ ಅವನ ಕೈ ನನ್ನ ಪಂಜರದೊಳಗೆ ನುಗ್ಗುತ್ತಿತ್ತು. ಹೇಳದೆ ಕೇಳದೆ ಬಂದ ಕೈಗೆ ನಾನು ಕೊಕ್ಕಿನಿಂದಲೇ ಉತ್ತರ ಕೊಟ್ಟೆ. "ಇದು ಹಕ್ಕಿಯಲ್ಲ, ಕತ್ತರಿ" ಎಂದು ನನ್ನನ್ನು ಮೂಲೆಗೆ ತಳ್ಳಿದ. ಜನರಿಗೂ ಬೇಕಾದದ್ದು ಸಾಧು ಹಕ್ಕಿಯೇ. ಅಂಗೈಯಲ್ಲಿ ಮುದುರಿ ಕೂತರೆ ಸಾಕು, ಮುದ್ದಾಡಿ ಕೊಂಡೊಯ್ಯುತ್ತಿದ್ದರು. ಏಕೆ ಮುದುರಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಡುಹಗಲಲ್ಲಿ ನಾವು ಗರಿ ಉಬ್ಬಿಸಿಕೊಂಡು ತೂಕಡಿಸುವುದು ವಿನಯದಿಂದಲ್ಲ, ಕಾಯಿಲೆಯಿಂದ.

ಒಂದು ಬೆಳಿಗ್ಗೆ ಪಂಕಜಮ್ಮ ಖಾಲಿ ಪಂಜರ ಹಿಡಿದು ಬಂದರು. ಹಿಂದೆಯೇ ಮೈದುನ ಶೇಷಾದ್ರಿ. ಇದೇ ಅಂಗಡಿಯಿಂದ ಒಯ್ದ ಸಾಧು ಹಕ್ಕಿ ವಾರದೊಳಗೆ ಸತ್ತಿತ್ತು.

"ಅತ್ತಿಗೆ, ಇದೇ ಕೊನೆ. ಇದೂ ಹೋದ್ರೆ ಪಂಜರ ಗುಜರಿಗೆ. ನೀವು ಊಟ ಬಿಟ್ಟು ಕೂರೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಜವರಪ್ಪ ನೀಲಿ ಹಕ್ಕಿಯೊಂದನ್ನು ಅವರ ಅಂಗೈ ಮೇಲಿಟ್ಟ. "ತಗೊಳ್ಳಿ ಅಮ್ಮಾ, ಬೈದ್ರೂ ಎದುರು ಮಾತಾಡಲ್ಲ."

ಪಂಕಜಮ್ಮ ಅದನ್ನು ಕಿವಿಯ ಬಳಿ ಹಿಡಿದು ಕಣ್ಣು ಮುಚ್ಚಿದರು. ಚಿಕ್ಕಂದಿನಿಂದ ಗುಡಿಯ ಕಂಬಕ್ಕೊರಗಿ ಭಾರತ ವಾಚನ ಕೇಳಿದ ಕಿವಿ ಅದು. ಓದುವವರ ಉಸಿರು ಎಲ್ಲಿ ತಡವರಿಸಿತೆಂದು ಅದಕ್ಕೆ ತಿಳಿಯುತ್ತಿತ್ತು.

"ಉಸಿರು ಟಿಕ್ ಟಿಕ್ ಅಂತಿದೆಯಲ್ಲಪ್ಪ. ಬಾಲ ನೋಡು, ಒಂದೊಂದು ಉಸಿರಿಗೂ ಕುಲುಕ್ತಿದೆ. ಇದಕ್ಕೆ ಬೇಕಾಗಿರೋದು ಗಿರಾಕಿ ಅಲ್ಲ, ಡಾಕ್ಟರು."

ಜವರಪ್ಪನ ಮುಖ ಸಣ್ಣದಾಯಿತು. ಪಂಕಜಮ್ಮ ಬಾಗಿಲ ಕಡೆ ತಿರುಗಿದರು. ಇನ್ನು ಸುಮ್ಮನಿದ್ದರೆ ನನಗೆ ಮೂಲೆಯೇ ಗತಿ. ಗಂಟಲು ಹರಿಯುವಂತೆ ಕೂಗಿದೆ.

ಅವರು ನಿಂತರು. ಬಂದು ನನ್ನ ಕಣ್ಣು ನೋಡಿದರು, ಮೂಗು ನೋಡಿದರು, ಬಾಲದ ಬುಡ ಶುಚಿಯಾಗಿದೆಯೇ ಎಂದು ಬಗ್ಗಿ ನೋಡಿದರು. ಆಮೇಲೆ ಬೆರಳು ಚಾಚಿದರು. ಕಚ್ಚಿದೆ.

"ಅಯ್ಯೋ, ಬಿಡಿ ಅತ್ತಿಗೆ! ರಾಕ್ಷಸ ಅದು!"

"ರಾಕ್ಷಸನೇ ಇರ್ಲಿ ಶೇಷು." ಬೆರಳನ್ನು ಸೆರಗಿಗೆ ಒತ್ತಿಕೊಂಡು ನಕ್ಕರು. "ಭಾರತ ಕೇಳುವಾಗ್ಲೂ ನಂಗೆ ತಲೆ ತಗ್ಗಿಸಿ ಕೂತವರಿಗಿಂತ ಎದ್ದು ನಿಂತವರೇ ಇಷ್ಟ." ಹೊರಡುವ ಮುನ್ನ, ನೀಲಿ ಹಕ್ಕಿಯನ್ನು ಬೆಚ್ಚಗೆ ಬೇರೆ ಇರಿಸಿ ಡಾಕ್ಟರಿಗೆ ತೋರಿಸುವಂತೆ ಜವರಪ್ಪನಿಂದ ಮಾತು ತೆಗೆದುಕೊಂಡರು.

ಅಂದಿನಿಂದ ನನಗೆ ನವಣೆ, ಕೊತ್ತಂಬರಿ, ಸಂಜೆ ದೀಪದ ಮುಂದೆ ಅವರು ಹೇಳುವ ಪದ್ಯ. ನಡುನಡುವೆ ನನ್ನ ಕೂಗು. ಒಮ್ಮೆಯೂ ಅವರು ಸುಮ್ಮನಿರು ಎನ್ನಲಿಲ್ಲ.

ಈಗ ಮುದಿಯಾಗಿದ್ದೇನೆ. ಮೇಲಿನ ಕೋಲಿಗೆ ಹತ್ತಲಾರೆ. ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಪಂಜರ. ನಿನ್ನೆ ಸಂಜೆ ಗರಿ ಉಬ್ಬಿಸಿ ಕೂತಿದ್ದೆ. ಶೇಷಾದ್ರಿ ಬಗ್ಗಿ ನೋಡಿದ. "ಅಂತೂ ಸಾಧು ಆಯ್ತಲ್ಲ ಅತ್ತಿಗೆ!"

ಪಂಕಜಮ್ಮನ ಪದ್ಯ ಅರ್ಧಕ್ಕೇ ನಿಂತಿತು. ಹಕ್ಕಿ ಸಾಧುವಾಯಿತೆಂದರೆ ಏನರ್ಥವೆಂದು ಅವರಿಗೆ ಗೊತ್ತಿತ್ತು. ಶೇಷಾದ್ರಿ ಸಲಿಗೆಯಿಂದ ಕಂಬಿಯೊಳಗೆ ಬೆರಳು ತೂರಿಸಿದ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೊಕ್ಕಿಗೆ ತಂದುಕೊಂಡೆ.

"ಅಯ್ಯಪ್ಪಾ!"

ಪದ್ಯ ನಿಂತಲ್ಲಿಂದಲೇ ಮುಂದುವರಿಯಿತು.

ಒಂದು ದಿನ ನಾನೂ ಸುಮ್ಮನಾಗುತ್ತೇನೆ. ಅದನ್ನು ಯಾರೂ ನನ್ನ ಒಳ್ಳೆಯ ಗುಣ ಎನ್ನದಿರಲಿ.