ಬ್ಯಾನರಿನ ಮರೆ

“ಯಾವ ಮುಂಡೇದು ಇಲ್ಲಿ ಹೇತಿದ್ದು? ಬಾಯ್ಬಿಡ್ರೇ.”

ಮೇಸ್ತ್ರಿ ಹೆಂಗಸರ ಪಾಯಖಾನೆಯ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಿದ್ದ. ವಿಶ್ವವಿದ್ಯಾಲಯದ ಹೊಸ ಲೈಬ್ರರಿ ಕಟ್ಟಡದಲ್ಲಿ ಟೈಲ್ಸ್ ಕೂತು, ಕಮೋಡು ಕೂತು, ಕನ್ನಡಿಯೂ ಕೂತು ಪೂರಾ ಮುಗಿದ ಜಾಗವೆಂದರೆ ಅದೊಂದೇ. ನೀರಿನ ಪೈಪು ಮಾತ್ರ ಇನ್ನೂ ಸೇರಿರಲಿಲ್ಲ. ಮಣ್ಣು ಹೊರುವ ಹೆಂಗಸರೆಲ್ಲ ಬಾಂಡ್ಲಿ ಇಳಿಸಿ, ಗೋಡೆಗೊರಗಿ ತಲೆ ತಗ್ಗಿಸಿಕೊಂಡಿದ್ದರು. ಎಲ್ಲರಿಗಿಂತ ತಗ್ಗಿದ್ದು ಗಿಡ್ಡಿಯ ತಲೆ. ಕೂತವರು ಯಾರೆಂದು ಅವಳಿಗೆ ಗೊತ್ತಿತ್ತು. ಬೆಳಗ್ಗೆ ಬಾಗಿಲಲ್ಲಿ ಕಾವಲು ನಿಂತವಳೇ ಅವಳು.

ಮೊದಲು ಹೆಂಗಸರಿಗೊಂದು ಮರೆಯಿತ್ತು. ಮುಂದೆ ಕಟ್ಟಲಿರುವ ಕಟ್ಟಡಗಳನ್ನೆಲ್ಲ ಬಣ್ಣಬಣ್ಣವಾಗಿ ಅಚ್ಚು ಹಾಕಿಸಿದ್ದ ದೊಡ್ಡ ಬ್ಯಾನರು ಗಾಳಿಗೆ ಕಿತ್ತು ಬಿದ್ದಾಗ, ಕೇಳುವವರಿಲ್ಲದ ಅದನ್ನು ಎಳೆದು ತಂದು ಶೆಡ್ಡುಗಳ ಹಿಂದೆ ಬಿದಿರು ಗಳಗಳಿಗೆ ಕಟ್ಟಿಕೊಂಡಿದ್ದರು. ಅದರಲ್ಲಿ ಲೈಬ್ರರಿಯಿತ್ತು, ಸಭಾಂಗಣವಿತ್ತು, ಇನ್ನೂ ನೆಡದ ಮರಗಳ ನೆರಳಿತ್ತು, ಪುಸ್ತಕ ಎದೆಗವಚಿಕೊಂಡು ನಗುವ ಹುಡುಗಿಯರಿದ್ದರು. ಲೈಬ್ರರಿಗೆ ಹೋಗಿ ಬರುತ್ತೇನೆ ಎಂದರೆ ಎಲ್ಲಿಗೆಂದು ಎಲ್ಲರಿಗೂ ತಿಳಿಯುತ್ತಿತ್ತು. ಗಿಡ್ಡಿಯ ಅತ್ತೆಯಂತೂ, ಅಕ್ಷರ ಕಾಣದ ತನಗೆ ದಿನಾ ಲೈಬ್ರರಿ ಯೋಗ ಬಂತಲ್ಲ ಎಂದು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ವಿಶ್ವವಿದ್ಯಾಲಯದ ದೊಡ್ಡವರು ಮುಂದಿನ ಕಟ್ಟಡಗಳ ಮಾದರಿ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಶೆಡ್ಡುಗಳು ಅವರ ಕಣ್ಣಿಗೆ ಬೀಳಬಾರದು. ಮೇಸ್ತ್ರಿ ಬ್ಯಾನರು ಬಿಚ್ಚಿಸಿ, ತೊಳೆಸಿ, ಶೆಡ್ಡುಗಳ ಮುಂದೆ ರಸ್ತೆಗೆ ಮುಖ ಮಾಡಿ ಕಟ್ಟಿಸಿದ. ಹಿಂದೆ ಬಟಾಬಯಲು, ಅದರಾಚೆ ಗಂಡಸರು ಕಬ್ಬಿಣ ಬಗ್ಗಿಸುವ ಜಾಗ. ಮಿಕ್ಕವರು ಹೇಗೋ ಕತ್ತಲಾಗುವುದನ್ನು ಕಾದರು. ಹೊಟ್ಟೆ ಕೆಟ್ಟಿದ್ದ ಅತ್ತೆಗೆ ಕಾಯಲಾಗಲಿಲ್ಲ.

“ಹೇಳಲ್ವಾ? ಹಂಗಾದ್ರೆ ಎಲ್ರೂ ಗಂಟುಮೂಟೆ ಕಟ್ರಿ,” ಎಂದ ಮೇಸ್ತ್ರಿ.

ನಾನೇ ಎಂದುಬಿಟ್ಟರೆ ಮುಗಿಯುತ್ತಿತ್ತು. ಗಿಡ್ಡಿಯ ನಾಲಗೆ ಏಳಲಿಲ್ಲ. ಗೋಡೆಯ ತುದಿಯಿಂದ ಅತ್ತೆಯೇ ಮುಂದೆ ಬಂದಳು.

“ನಾನು ಕಣಪ್ಪ. ತಡಕೊಳ್ಳಕ್ಕಾಗ್ಲಿಲ್ಲ.”

“ಅಪ್ಪನಂತೆ, ಅಪ್ಪ. ಪಕ್ಕದಲ್ಲೇ ಕಮೋಡಿದ್ರೂ ನೆಲದ ಮೇಲೆ ಹೇತಿದೀಯಲ್ಲ, ಕಣ್ಣು ಹಿಂಗೋಗಿದ್ಯಾ ಮುದಿಗೊಡ್ಡೇ? ಬಾಚು ಕೈಯಲ್ಲಿ.”

ಅಷ್ಟು ಬೆಳ್ಳಗಿರುವ ಕಮೋಡನ್ನು ಹೇಗೆ ಗಲೀಜು ಮಾಡುವುದು ಎಂದು ಅತ್ತೆ ಬೆಳಗ್ಗೆ ಅದರ ಪಕ್ಕದಲ್ಲಿ ಮುದುಡಿ ಕೂತಿದ್ದಳು. ಈಗ ಸಿಮೆಂಟು ಚೀಲದ ಚೂರು ಹಿಡಿದು ಮಂಡಿಯೂರಿದಳು. ಗಂಡಸರೂ ಬಂದು ಇಣುಕಿದರು. ಅವರಲ್ಲಿದ್ದ ಗಿಡ್ಡಿಯ ಗಂಡ, ತಾಯಿಯನ್ನು ಕಂಡದ್ದೇ ಬೆನ್ನು ತಿರುಗಿಸಿ ಹೋದ. ಕೊಳೆ ಕದಡಿ ವಾಸನೆ ಎದ್ದಾಗ ಎಲ್ಲರ ಸೆರಗೂ ಮೂಗಿಗೆ ಹೋಯಿತು. ಅತ್ತೆ ತಲೆಯೆತ್ತಿ ನೋಡಿದಾಗಲೇ ತನ್ನ ಸೆರಗೂ ಅಲ್ಲೇ ಇರುವುದು ಗಿಡ್ಡಿಗೆ ತಿಳಿದದ್ದು. ಥಟ್ಟನೆ ಕೈ ಇಳಿಸಿದಳು. ಅಷ್ಟರಲ್ಲಿ ಅತ್ತೆ ನೋಡಿಯಾಗಿತ್ತು.

ಅತ್ತೆ ಬಯ್ಯಲಿಲ್ಲ. ಅವತ್ತಿನಿಂದ ಊಟದ ತಟ್ಟೆ ಸರಿಸತೊಡಗಿದಳು ಅಷ್ಟೆ. “ಹೊಟ್ಟೆಗೆ ಹಾಕಿದ್ರೆ ತಾನೇ ಕಣೇ ಆಚೆ ಬರೋದು,” ಎಂದಳು ಒಮ್ಮೆ. ಬಿಸಿಲಲ್ಲಿ ಮರಳು ಹೊತ್ತು ಬಂದರೂ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳೇ ಹೊರತು ಗುಟುಕು ನೀರು ಇಳಿಸುತ್ತಿರಲಿಲ್ಲ. ಗಿಡ್ಡಿ ತುತ್ತು ಹಿಡಿದು ಕೂತಳು, ಗೋಗರೆದಳು, ಗಂಡನ ಕೈಲಿ ಹೇಳಿಸಿದಳು. ತಪ್ಪಾಯಿತು ಅನ್ನುವ ಒಂದು ಮಾತು ಮಾತ್ರ ಅವಳ ಗಂಟಲಲ್ಲೇ ಉಳಿಯಿತು.

ದೊಡ್ಡವರು ಬಂದ ದಿನ ಅತ್ತೆ ಮೆಟ್ಟಿಲ ಮೇಲೆ ಬಾಂಡ್ಲಿ ಸಮೇತ ಕುಸಿದಳು. ಗಿಡ್ಡಿ ಓಡಿಹೋಗಿ ನೀರಿನ ಚೊಂಬು ಹಿಡಿದರೆ ತುಟಿ ಬಿಗಿದಳು.

“ಬ್ಯಾಡ ಕಣೇ. ಆಮೇಲೆ ಎಲ್ಲಿಗೆ ಹೋಗ್ಲಿ ನಾನು?”

“ಕುಡೀರಿ ಅತ್ತೆ. ನಾನು ಕರ್ಕೊಂಡ್ ಹೋಗ್ತೀನಿ.”

ಅತ್ತೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಕುಡಿದಳು. ಕುಡಿದ ನೀರು ಒಳಗೆ ನಿಲ್ಲಲಿಲ್ಲವೇನೋ, ಸ್ವಲ್ಪ ಹೊತ್ತಿಗೇ ಹೊಟ್ಟೆ ಹಿಡಿದುಕೊಂಡಳು.

ಹೊಸ ಗೋಡೆಗೆ ನೀರು ಹೊಡೆಯುವ ಬಕೆಟ್ಟು ಅಲ್ಲೇ ಇತ್ತು. ಗಿಡ್ಡಿ ಅದನ್ನು ತುಂಬಿಸಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಅತ್ತೆಯ ರಟ್ಟೆ ಹಿಡಿದು, ಮುಂಬಾಗಿಲಿನಿಂದಲೇ ಒಳಗೆ ನಡೆದಳು. ಪಡಸಾಲೆಯ ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಪುಟ್ಟ ಪುಟ್ಟ ಕಟ್ಟಡಗಳು, ಸುತ್ತ ಇಸ್ತ್ರಿ ಬಟ್ಟೆಯ ಜನ. ನಕ್ಷೆ ಬರೆದ ಮೇಡಮ್ಮು, ಈ ಕಟ್ಟಡಗಳಿಗೆಲ್ಲ ಗೇಟೇ ಇರುವುದಿಲ್ಲ, ಯಾರು ಬೇಕಾದರೂ ಒಳಗೆ ಬರಬಹುದು ಎಂದು ವಿವರಿಸುತ್ತಿದ್ದರು. ತೊಳೆದ ನೆಲದ ಮೇಲೆ ಗಾರೆಗಾಲಿನ ಅಚ್ಚು ಮೂಡುತ್ತ ಬಂದಂತೆ ಅವರ ಮಾತು ನಿಂತಿತು.

ಗಿಡ್ಡಿ ಪಾಯಖಾನೆಯ ಬಾಗಿಲು ತೆರೆದು ಬಕೆಟ್ಟು ಒಳಗಿಟ್ಟಳು. “ಆ ಬೆಳ್ಳಗಿರೋದ್ರ ಮೇಲೇ ಕೂತ್ಕೊಳಿ ಅತ್ತೆ. ಅದಿರೋದೇ ಅದಕ್ಕೆ.” ಬಾಗಿಲೆಳೆದು ಬೆನ್ನು ಕೊಟ್ಟು ನಿಂತಳು.

ಮೇಸ್ತ್ರಿ ಓಡಿ ಬಂದ. ದೊಡ್ಡವರಿಗೆ ಕೇಳದಂತೆ ಹಲ್ಲು ಕಚ್ಚಿ, “ಏಯ್, ಎಳಿಯೇ ಆಚೆ ಆ ಮುದಿಗೊಡ್ಡನ್ನ. ಮಾನ ಕಳೀಬ್ಯಾಡ,” ಎಂದ.

“ಯಾರ ಮಾನ?” ಎಂದಳು ಗಿಡ್ಡಿ. “ನಮ್ಮತ್ತೆ ಕೂತಿದಾರೆ. ಆಗೋವರ್ಗೂ ನಿಂತ್ಕೊ. ತೊಳಿಯೋದು ನಾನು ತೊಳೀತೀನಿ.”

ಒಳಗಿನಿಂದ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಆದರೂ ನಕ್ಷೆಯ ಮೇಡಮ್ಮಿನ ಕರವಸ್ತ್ರ ಮೆಲ್ಲಗೆ ಮೂಗಿಗೆ ಹೋಯಿತು. ಆ ಕೈಯನ್ನು ನೋಡಿದ ಮೇಲೆ ಗಿಡ್ಡಿಗೆ ತಲೆಯೆತ್ತಲಾಗಲಿಲ್ಲ. ಅದು ಅವತ್ತು ಸೆರಗು ಹಿಡಿದ ತನ್ನದೇ ಕೈಯಂತಿತ್ತು. ಬಾಗಿಲಿನಿಂದ ಮಾತ್ರ ಸರಿಯಲಿಲ್ಲ.