ಮದ್ದಿಗೆ ಕೊಸರಿಲ್ಲ

ಬಂಗಾರಪೇಟೆಯ ಕಚೇರಿಯಲ್ಲಿ ಗುಮಾಸ್ತರು ಅರ್ಜಿಯನ್ನು ಎರಡು ಸಲ ತಿರುವಿ ಹಾಕಿ, "ಕೋವಿಗೆ ಅರ್ಜಿ ಹಾಕಿದ್ದೀಯಲ್ಲಮ್ಮಾ, ಮದ್ದು ಹಾಕೋಕೆ ಬರುತ್ತಾ?" ಎಂದು ಕೇಳಿದ್ದರು.

"ದಿನಾ ಮೂರು ಹೊತ್ತೂ ಹಾಕ್ತೀನಿ ಸಾರ್, ನಮ್ಮ ಮಾವಂಗೆ," ಎಂದಿದ್ದಳು ಶ್ಯಾಮಲ.

ಗುಮಾಸ್ತರು ನಗಲಿಲ್ಲ. ಕೋವಿಯ ಪುಡಿಗೂ ಕೆಮ್ಮಿನ ಕಷಾಯಕ್ಕೂ ಒಂದೇ ಹೆಸರಿಟ್ಟ ಹಿರಿಯರ ತಮಾಷೆ ಸರ್ಕಾರಿ ಮೇಜಿನವರೆಗೆ ತಲುಪಿರಲಿಲ್ಲ. ಆದರೆ ಅದೇ ಸಂಜೆ ಕ್ಯಾಸಂಬಳ್ಳಿ ಹತ್ತಿರದ ಮನೆಯಲ್ಲಿ ಅವಳು ಆ ಗುಮಾಸ್ತರೇ ಆಗಿ, ಇಲ್ಲದ ಕನ್ನಡಕ ಇಳಿಸಿ, ಇಲ್ಲದ ಕಾಗದ ತಿರುವಿ ತೋರಿಸಿದಾಗ ಮಾವ ವೆಂಕಟೇಶಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಒರೆಸುವ ಕೈ ನಡುಗುತ್ತಿತ್ತು. ಎರಡು ವರ್ಷದಿಂದ ಹಾಗೇ. ಮೊದಲು ಕೈ ಹೋಯಿತು, ಆಮೇಲೆ ದನಿ. ಒಂದು ಕಾಲಕ್ಕೆ ಅವನು ಜಗಲಿಯಲ್ಲಿ ನಿಂತು ಕೂಗಿದರೆ ಕೆರೆಯಾಚೆಯ ಎಮ್ಮೆ ತಿರುಗಿ ನೋಡುತ್ತಿತ್ತು. ಈಗ ಪಕ್ಕದಲ್ಲಿ ಕೂತವರೂ "ಆಂ?" ಅನ್ನಬೇಕು.

ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿ ಅವನದು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗಜ ಎಂಬ ಉದ್ದನೆಯ ಕಡ್ಡಿಯಿಂದ ಒತ್ತಿ, ಕೊನೆಗೆ ಹಿಂದುಗಡೆ ಕಿಡಿ ಕೊಡುವ ಕೇಪು ಇಟ್ಟು ಹೊಡೆಯುವಂಥದ್ದು. ಒಂದು ಸಲ ತುಂಬಿದ ಮದ್ದಿಗೆ ಈಡು ಎಂದು ಹೆಸರು. ಗುಂಡು ಹಾಕುವ ಮಾತೇ ಇಲ್ಲ, ಬರೀ ಸದ್ದು. ಆ ಸದ್ದಿಗೇ ಕಾಡುಹಂದಿಗಳು ಗುಡ್ಡ ಹತ್ತುತ್ತಿದ್ದವು. ಮಾವನ ಕೈ ಸೋತ ಸುದ್ದಿ ಅದು ಹೇಗೋ ಅವುಗಳಿಗೂ ಮುಟ್ಟಿತು. ಶ್ಯಾಮಲ ಮೊದಲ ಸಲ ತಾನೇ ನಿಂತು ಬಿತ್ತಿಸಿದ್ದ ಎರಡೆಕರೆ ಕಡಲೆಕಾಯಿಯಲ್ಲಿ ಅರ್ಧ ಎಕರೆ ಆಗಲೇ ಅವುಗಳ ಹೊಟ್ಟೆ ಸೇರಿತ್ತು. ಕೋಲಾರದ ನಾಲಿಗೆಯಲ್ಲಿ ಹಂದಿಯ 'ಹ' ಉದುರಿಹೋಗುತ್ತದೆ. ಅಂದಿಗೂ ಇಂದಿಗೂ ಅಂದಿ ಅಂದೀನೇ.

ಪರವಾನಗಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಸಬೇಕಿತ್ತು, ಅದಕ್ಕೆ ಮಾವನ ಒಪ್ಪಿಗೆಯ ಸಹಿ ಬೇಕಿತ್ತು. ಶ್ಯಾಮಲಳ ಗಂಡ ಸುಧಾಕರ ದೀಪಾವಳಿಯಲ್ಲಿ ಸುರುಸುರು ಬತ್ತಿ ಹಚ್ಚಿದರೂ ಒಳಕೋಣೆ ಸೇರುವವನು. ಅವನ ಮಾತು ಬಿಡಿ. ಉಳಿದವರು ಇಬ್ಬರು, ಶ್ಯಾಮಲ ಮತ್ತು ವೆಂಕಟೇಶಪ್ಪನ ತಮ್ಮನ ಮಗ ಅಂಬರೀಶ್. ತರಬೇತಿಯ ಪತ್ರವನ್ನು ಇಬ್ಬರೂ ತಂದಿದ್ದರು. ಆದರೆ ಅಂಬರೀಶನಿಗೆ ಹೊಲಕ್ಕಿಂತ ಕೋವಿ ಹಿಡಿದ ಫೋಟೋದ ಚಿಂತೆ. ಕೋವಿ ಅವನ ಮನೆಗೆ ಹೋದರೆ ಗೋಡೆಯನ್ನು ಕಾಯುತ್ತದೆ, ಕಡಲೆಕಾಯಿಯನ್ನಲ್ಲ ಎಂಬುದು ಶ್ಯಾಮಲಳಿಗೆ ಗೊತ್ತಿತ್ತು.

ವೆಂಕಟೇಶಪ್ಪ ತೀರ್ಮಾನ ಹೇಳಿದ. "ಬಾನುವಾರ ಬೆಳಗ್ಗೆ ಐದು ಈಡು. ಐದೂ ಸರಿಯಾಗಿ ಒಡೆದ್ರೆ ತುಪಾಕಿ ನಿಂದಮ್ಮಾ. ಇಲ್ದಿದ್ರೆ ಅಂಬರೀಶಂಗೆ ಸಯ್ಯಿ ಆಕ್ಕೊಡ್ತೀನಿ."

ಪಾಠ ಶುರುವಾದದ್ದು ಅಂದೇ. ಮಾವ ಮದ್ದು ಅಳೆಯುವ ಎರಡು ಬಿದಿರಿನ ಗೆಣ್ಣು ತೆಗೆದಿಟ್ಟ, ಒಂದು ದೊಡ್ಡದು, ಒಂದು ಗಿಡ್ಡದು. "ದೊಡ್ಡದು ನಂದು. ತುಪಾಕಿ ಮಾಡಿದೋರು ಬರ್ಕೊಟ್ಟ ಚೀಟಿ ಪ್ರಕಾರ ಕುಯ್ದಿದ್ದು. ಒಸಬ್ರು ಅದಕ್ಕಿಂತ ಕಮ್ಮೀಲಿ ಶುರು ಮಾಡ್ಬೇಕು. ಗಿಡ್ಡದು ನಿಂಗೆ. ಈ ಅಳತೆ ಈ ತುಪಾಕಿಗೆ ಮಾತ್ರ. ಪಕ್ಕದೂರೋನ ಅಳತೆ ಕೇಳ್ಕೊಂಡ್ ಬರ್ಬೇಡ."

ಶ್ಯಾಮಲ ಗಿಡ್ಡ ಗೆಣ್ಣಿನ ತುಂಬ ಮದ್ದು ತುಂಬಿದಳು. ಬೆರಳಿನಿಂದ ಸವರಿ ಮಟ್ಟ ಮಾಡಿದಳು. ಆಮೇಲೆ ಅವಳ ಕೈ ತಾನಾಗೇ ಡಬ್ಬಿಗೆ ಹೋಗಿ ಇನ್ನೊಂದು ಚಿಟಿಕೆ ಎತ್ತಿ ಮೇಲೆ ಉದುರಿಸಿತು.

ಫಟ್ ಎಂದು ಮಾವನ ನಡುಗುವ ಕೈ ಅವಳ ಕೈಮೇಲೆ ಬಿತ್ತು. "ಏನದು?"

"ಕೊಸರು, ಮಾವ."

ಹನ್ನೆರಡು ವರ್ಷದಿಂದ ಮನೆಮನೆಗೆ ಹಾಲು ಅಳೆದ ಕೈ. ಪಾವು ಅಳೆದ ಮೇಲೆ ಒಂದು ತೊಟ್ಟು ಕೊಸರು ಬಿಡದಿದ್ದರೆ ಆ ಕೈಗೆ ನಿದ್ದೆ ಬರುವುದಿಲ್ಲ.

"ಆಲಿಗೆ ಕೊಸರು ಬಿಡು, ರಾಗಿಗೆ ಬಿಡು. ಮದ್ದಿಗೆ ಕೊಸರಿಲ್ಲ!" ವೆಂಕಟೇಶಪ್ಪ ಕೂಗಿಯೇ ಹೇಳಿದ, ಕೇಳಿಸಿದ್ದು ಪಿಸುಮಾತು. ಆಮೇಲೆ ಗಜವನ್ನು ಕೈಗಿತ್ತು ಅದರ ಮೇಲಿನ ಎರಡು ಗೆರೆ ತೋರಿಸಿದ. "ಖಾಲಿ ನಳಿಗೇಲಿ ಬಿಟ್ರೆ ಈ ಗೆರೆವರ್ಗೂ ಇಳೀತದೆ. ನಿನ್ನ ಅಳತೆ ಈಡು ಇದ್ರೆ ಆ ಗೆರೆ. ಎಲ್ಡೂ ಅಲ್ಲ ಅಂದ್ರೆ ಕೇಪು ಮುಟ್ಬೇಡ. ಯಾರೇ ಏನೇ ಅನ್ನಲಿ."

ಅಡುಗೆಮನೆಗೆ ಹೋಗಿ ಶ್ಯಾಮಲ ಸೌಟು ಹಿಡಿದು, ಮಾವನ ಹಳೆಯ ಗಂಟಲು ತಂದುಕೊಂಡು, "ಮದ್ದಿಗೆ ಕೊಸರಿಲ್ಲ!" ಎಂದು ಗುಡುಗಿದಳು. ಸಾಸಿವೆ ಡಬ್ಬಿ ಅದುರಿತು.

ಭಾನುವಾರ ಬೆಳಕು ಹರಿಯುವ ಮೊದಲೇ ಅವಳು ಎದ್ದು ಗಜ ಒರೆಸಿಟ್ಟಳು. ಪಂಪಿನ ಮನೆಯ ಮುಂದೆ ಮಂಚ ಹಾಕಿ ಮಾವನನ್ನು ಕೂರಿಸಿದ್ದಾಯಿತು. ಉರಿಗಾಂನ ಗಣಿ ಕಾರ್ಮಿಕರ ಲೈನಿನಿಂದ ಮೊಪೆಡ್ ಏರಿ ಅವನ ಗೆಳೆಯ ಸೆಲ್ವರಾಜ್ ಬಂದ. ನಂದಿದುರ್ಗ ಎಂಬ ಚಿನ್ನದ ಗಣಿ ಮುಚ್ಚುವವರೆಗೂ ಪಾತಾಳದಲ್ಲಿ ಬಂಡೆ ಸಿಡಿಸುತ್ತಿದ್ದವನು. ಬದುವಿನ ಮೇಲೆ ಕೂತು, ಕಣ್ಣು ಮುಚ್ಚಿ, ಮಡಿಲಲ್ಲಿ ಐದು ಕಲ್ಲುಹರಳು ಇಟ್ಟುಕೊಂಡ.

"ಕಣ್ಣು ಮುಚ್ಕೊಂಡು ಏನ್ ನೋಡ್ತೀರಾ ಮಾಮ?"

"ನೋಡಕ್ಕಿಲ್ಲೆ ಮಾ, ಎಣಿಸಕ್ಕೆ. ನಮ್ ಮೈನ್‌ನಲ್ಲಿ ಹನ್ನೆರಡು ಕುಳಿಗೆ ಬೆಂಕಿ ಕೊಟ್ರೆ ಹನ್ನೆರಡು ಸದ್ದು ಕೇಳ್ಬೇಕು. ಹನ್ನೊಂದು ಕೇಳಿದ್ರೆ ರಾಜನೇ ಬಂದು ಕರೆದ್ರೂ ಒಳಗೆ ಹೋಗ್ಬಾರ್ದು. ಸದ್ದು ಮಾಡಿದ್ದು ಮುಗೀತು. ಮಾಡ್ದೇ ಇರೋದು ಕಾಯ್ತಾ ಇರ್ತದೆ."

ಅಂಬರೀಶ್ ಆಚೆ ಬದುವಿನಲ್ಲಿ ಪಟಾಕಿಯ ಚೀಲ ಹಿಡಿದು ನಿಂತ. ಹಂದಿಗಳು ಆ ಕಡೆ ನುಗ್ಗದಂತೆ ತಡೆಯುವುದು ಅವನ ಕೆಲಸ. "ಅತ್ತಿಗೇ! ಗಿಡ್ಡ ಅಳತೇಲಿ ಸದ್ದು ಬತ್ತದಾ, ಸೀನು ಬತ್ತದಾ?"

"ಬಾಯಿ ಮುಚ್ಕೊಳ್ಲಾ, ಸೊಳ್ಳೆ ಓಗ್ತದೆ!"

ಮೊದಲ ಈಡು. ಕೋವಿಯ ಮೂತಿಯನ್ನು ಆಕಾಶಕ್ಕೆ ಮಾಡಿ ಕುದುರೆ ಎಳೆದಳು. ಢಂ! ಭುಜಕ್ಕೆ ಎಮ್ಮೆಕರು ಗುದ್ದಿದಂತಾಯಿತು. ಗುಡ್ಡಕ್ಕೆ ಬಡಿದು ಸದ್ದು ವಾಪಸು ಬಂತು. ಕೊಕ್ಕರೆಗಳು ಎದ್ದವು, ನಾಯಿಗಳು ಬೊಗಳಿದವು, ಶ್ಯಾಮಲಳಿಗೆ ಕುಣಿಯಬೇಕೆನಿಸಿತು. ಅಳತೆ, ನಾರು, ಗಜ, ಗೆರೆ, ಕೇಪು. ಎರಡನೆಯದು, ಢಂ! ಮೂರನೆಯದು, ಢಂ! ಹೊಗೆಯ ವಾಸನೆಗೆ ಮೂಗು ಉರಿಯುತ್ತಿತ್ತು, ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ನಾಲ್ಕನೆಯದಕ್ಕೆ ಅವಳು ಕುದುರೆ ಎಳೆದ ಕ್ಷಣದಲ್ಲೇ ಅಂಬರೀಶ್ "ಬಂದ್ವು, ಬಂದ್ವು!" ಎಂದು ಕಿರುಚಿ ಪಟಾಕಿ ಎಸೆದ. ಸದ್ದಿಗೆ ಶ್ಯಾಮಲಳೇ ಬೆಚ್ಚಿ ಹಾರಿದಳು. ಪೊದೆ ಸೀಳಿಕೊಂಡು ಏಳೆಂಟು ಹಂದಿಗಳು ಕಡಲೆಕಾಯಿಯತ್ತ ಓಡಿಬರುತ್ತಿದ್ದವು.

"ನಾಲ್ಕಾಯ್ತು!" ಎಂದ ಅಂಬರೀಶ್. "ಇನ್ನೊಂದು ಆಕು ಅತ್ತಿಗೆ, ಬೇಗ!"

ಅವಳ ಕೈ ಯಂತ್ರದಂತೆ ಓಡಿತು. ಅಳತೆ. ನಾರು. ಗಜ ಇಳಿಸಿ ಒತ್ತಿದಳು. ಕೇಪಿಗೆ ಬೆರಳು ಹೋಯಿತು.

ಗೆರೆ ಎಲ್ಲಿ?

ಗೆರೆ ಇತ್ತು. ಆದರೆ ನಳಿಗೆಯ ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು. ಇನ್ನೊಮ್ಮೆ ಒತ್ತಿದಳು. ಇಳಿಯಲಿಲ್ಲ. ಬದುವಿನತ್ತ ನೋಡಿದಳು. ಸೆಲ್ವರಾಜ್ ಕಣ್ಣು ಬಿಟ್ಟಿದ್ದ. ಎದ್ದು ನಿಂತು ಮೂರು ಬೆರಳು ಎತ್ತಿ ಹಿಡಿದಿದ್ದ. "ಮೂಣು ಮಾ! ಮೂಣೇ! ನಾಲ್ಕನೇದು ಪಟಾಕಿ!"

ಕೇಪು ಮಾತ್ರ ಚಟ್ಟೆಂದಿತ್ತು. ಹಳೆಯ ಈಡು ಒಳಗೇ ಇತ್ತು. ಅದರ ತಲೆಯ ಮೇಲೆ ಅವಳು ಇನ್ನೊಂದನ್ನು ಕೂರಿಸಿದ್ದಳು. ಚಿಟಿಕೆಯ ಕೊಸರಲ್ಲ, ಇಡೀ ಅಳತೆಯೇ ಕೊಸರು. ನಳಿಗೆ ತಡೆಯಬಹುದು, ತಡೆಯದೆಯೂ ಇರಬಹುದು. ತಡೆಯದಿದ್ದರೆ ಸೀಳುವುದು ಅವಳ ಕೆನ್ನೆಯ ಪಕ್ಕದಲ್ಲೇ.

"ಕೇಪ್ ಇಡು ಅತ್ತಿಗೇ!" ಅಂಬರೀಶ್ ಓಡಿ ಬರುತ್ತಿದ್ದ. "ಕಳ್ಳೆಕಾಯ್ಗೆ ಬಿದ್ದವೆ ನೋಡು! ನಿನ್ ಕೈಲಾಗಲ್ಲ ಅಂದ್ರೆ ಕೊಡಿಲ್ಲಿ, ನಾನ್ ಒಡೀತೀನಿ!"

ಮಂಚದ ಮೇಲೆ ಮಾವ ಅರ್ಧ ಎದ್ದು ಬಾಯಿ ತೆರೆದಿದ್ದ. ಕತ್ತಿನ ನರಗಳು ಉಬ್ಬಿದ್ದವು. ಏನೋ ಕೂಗುತ್ತಿದ್ದ, ಒಂದಕ್ಷರವೂ ಇಲ್ಲಿಗೆ ಬರುತ್ತಿರಲಿಲ್ಲ.

ಮೂರು ಈಡಿಗೆ ನಿಲ್ಲಿಸಿದರೆ ಕೋವಿ ಹೋಯಿತು. ಶ್ಯಾಮಲಳಿಗೆ ಅದು ಚೆನ್ನಾಗಿ ಗೊತ್ತಿತ್ತು. "ದೂರ ನಿಲ್ಲೋ!" ಎಂದು ಅಂಬರೀಶನನ್ನು ತಡೆದು, ನಳಿಗೆಯ ಬಾಯಿಗೆ ಮುಖ ಒಡ್ಡದೆ ಕೋವಿಯನ್ನು ಪಕ್ಕದ ನೀರಿನ ತೊಟ್ಟಿಗೆ ಒರಗಿಸಿ, ಮದ್ದು ನೆನೆಯಲೆಂದು ಕೊಡ ಎತ್ತಿ ನಳಿಗೆಯೊಳಗೆ ನೀರನ್ನು ಸುರಿದೇ ಬಿಟ್ಟಳು. ಗುಳುಗುಳು ಎಂದು ಕುಡಿಯಿತು ಕೋವಿ. ಅಂಬರೀಶ್ ತಲೆಮೇಲೆ ಕೈ ಹೊತ್ತ. "ಅಯ್ಯೋ! ತುಪಾಕಿಗೆ ನೀರು ಬಿಟ್ಳು!"

ಹಂದಿಗಳು ಮಾತ್ರ ನೆಮ್ಮದಿಯಾಗಿ ಅವಳ ಸಾಲುಗಳನ್ನು ಕೆದಕುತ್ತಿದ್ದವು. ಸಿಟ್ಟು, ಭಯ, ಬದುಕಿದೆನೆಂಬ ಖುಷಿ ಎಲ್ಲ ಸೇರಿ ಗಂಟಲಿಗೆ ಬಂತು. ಶ್ಯಾಮಲ ಸೆರಗು ಸಿಕ್ಕಿಸಿ, ಎರಡು ಕೈ ಬಾಯಿಗೆ ಕಟ್ಟಿ, ಹೊಟ್ಟೆಯ ತಳದಿಂದ ಒಂದು ಕೂಗು ಎಬ್ಬಿಸಿದಳು. "ಓಓಓಯ್! ಯಾವನ್ಲಾ ಅದು ನನ್ನ ಒಲದಾಗೆ! ಬಂದೆ ಅಂದ್ರೆ ಸಿಗಿದಾಕ್ತೀನಿ ನೋಡು!"

ಅದು ಅವಳ ದನಿಯಲ್ಲ. ಮೂವತ್ತು ವರ್ಷ ಆ ಹೊಲದ ಮೇಲೆ ಮೊಳಗಿ, ಹಿಂದೆಯೇ ಮದ್ದಿನ ಢಂ ಕೇಳಿಸುತ್ತಿದ್ದ ವೆಂಕಟೇಶಪ್ಪನ ದನಿ. ಮುದಿ ಹೆಣ್ಣುಹಂದಿಯೊಂದು ಮೂತಿ ಎತ್ತಿತು. ಢಂಗೆ ಕಾಯುವಷ್ಟು ದಡ್ಡಿಯಲ್ಲ ಅದು. ತಿರುಗಿ ಓಟ ಕಿತ್ತಿತು, ಹಿಂದೆಯೇ ಇಡೀ ಸಂಸಾರ.

ಶ್ಯಾಮಲ ಒದ್ದೆ ಕೋವಿ ಹಿಡಿದು ಮಂಚದ ಹತ್ತಿರ ಬಂದಳು. ನಳಿಗೆಯಿಂದ ರಾಗಿ ಅಂಬಲಿಯಂಥ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. "ಮೂರೇ ಆಗಿದ್ದು, ಮಾವ," ಎಂದಳು. ಈಗ ಅವಳ ಸ್ವಂತ ದನಿ, ಸಣ್ಣಗೆ. "ಅವಂಗೇ ಕೊಡಿ."

ವೆಂಕಟೇಶಪ್ಪ ಗುಡ್ಡದ ಕಡೆ ಕಿವಿ ಕೊಟ್ಟು ಕೂತಿದ್ದ, ತನ್ನದೇ ಕೂಗು ಇನ್ನೊಮ್ಮೆ ವಾಪಸು ಬರುತ್ತದೇನೋ ಎನ್ನುವಂತೆ. ಅಂಬರೀಶ್ ಏದುಸಿರು ಬಿಡುತ್ತ, "ದೊಡ್ಡಪ್ಪಾ, ಐದು ಅಂತ ನೀನೇ ಏಳಿದ್ದೆ..." ಎಂದು ತೆಗೆದ.

"ನೀನಾಗಿದ್ರೆ ಕೇಪು ಇಡ್ತಿದ್ದೇನ್ಲಾ?"

"ಮತ್ತೆ? ಬಂದಿದ್ವಲ್ಲ ಅಂದಿ!"

ಸೆಲ್ವರಾಜ್ ಮೂರು ಹರಳನ್ನು ಮಂಚದ ಮೇಲಿಟ್ಟು, ನಕ್ಕು ತಲೆಯಾಡಿಸಿದ. ವೆಂಕಟೇಶಪ್ಪ ಸೊಸೆಯತ್ತ ಕೈ ಚಾಚಿದ. "ಕಾಗದ ತಾರಮ್ಮಾ. ಪೆನ್ನೂ ತಾ."

ಸಹಿ ಮಾಡುವಾಗ ಕೈ ತೀರಾ ನಡುಗಿತು. 'ಪ್ಪ'ದ ಕೊನೆಗೆ ಪೆನ್ನು ನಿಲ್ಲದೆ ಕಾಗದದ ಅಂಚಿನವರೆಗೂ ಒಂದು ಬಾಲ ಎಳೆಯಿತು. ಶ್ಯಾಮಲ ಅದನ್ನು ನೋಡಿ, ಕಣ್ಣಲ್ಲಿ ನೀರಿದ್ದರೂ ಸುಮ್ಮನಿರಲಾರದೆ, "ಇದೇನ್ ಮಾವ, ಇಷ್ಟುದ್ದ?" ಎಂದಳು.

"ಕೊಸರು," ಎಂದ ವೆಂಕಟೇಶಪ್ಪ. "ಸಯ್ಯಿಗೆ ಬಿಡ್ಬೌದು."