ಏಳನೇ ಲೈನಿನ ಟೋಕನ್

"ನಾನು ಸೂಪರ್‌ವೈಸರ್ ಆದ್ರೆ ಫಸ್ಟು ಈ ಟೋಕನ್ ಕಿತ್ತು ಬಿಸಾಕ್ತೀನಿ, ನೋಡ್ತಿರು" ಎಂದು ಉಮ್ಮೆ ಕುಲ್ಸುಂಗೆ ನಾನು ಮಾತು ಕೊಟ್ಟಿದ್ದು ೧೯೯೬ರಲ್ಲಿ.

ಕೆ.ಆರ್. ಪುರದಾಚೆಯ ಗಾರ್ಮೆಂಟ್ಸಿನಲ್ಲಿ ಆಗ ನಾವಿಬ್ಬರೂ ಅಕ್ಕಪಕ್ಕದ ಮಿಷನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದೆವು. ಏಳನೇ ಲೈನಿನ ನಲವತ್ತು ಹೆಂಗಸರಿಗೆ ಒಂದೇ ಟಾಯ್ಲೆಟ್ ಟೋಕನ್. ಕೆಂಪು ಬಣ್ಣ ಬಳಿದ ಅಂಗೈಯಗಲದ ಹಲಗೆ, ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡು ಹೋಗಬೇಕು. ಮೊಳೆ ಖಾಲಿಯಿದ್ದರೆ, ಹೋದವಳು ಬರುವ ತನಕ ಕಾಯಬೇಕು. ಉಮ್ಮೆ ಕುಲ್ಸುಂ ಆಗ ಏಳು ತಿಂಗಳ ಬಸುರಿ. ಆ ದಿನ ಮೊಳೆ ಖಾಲಿಯಿತ್ತು. ಕಾಲರ್ ಹೊಲಿಯುತ್ತಲೇ ಕಾದಳು, ಕಾದಳು, ಆಮೇಲೆ ಕೂತ ಸ್ಟೂಲು ಒದ್ದೆಯಾಯಿತು. ನಾನು ಚಿಂದಿ ತಂದು ಒರೆಸಿದೆ. ಒರೆಸುತ್ತಲೇ ಆ ಮಾತು ಕೊಟ್ಟೆ.

೨೦೦೩ರಲ್ಲಿ ನಾನು ನಿಜವಾಗಿಯೂ ಸೂಪರ್‌ವೈಸರ್ ಆದೆ. ಸುರಪುರದ ಕಡೆಯಿಂದ ಗಂಡ ಸತ್ತ ಮೇಲೆ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದವಳು ನಲವತ್ತು ಮಿಷನ್ನಿನ ಯಜಮಾನಿ ಆದೆ. ಟೋಕನ್ ಮಾತ್ರ ಮೊಳೆಯ ಮೇಲೇ ಉಳಿಯಿತು. ಮೊದಲ ತಿಂಗಳು ಟಾರ್ಗೆಟ್ ಹಿಡಿಯಲಿ ಎಂದುಕೊಂಡೆ. ಟಾರ್ಗೆಟ್ ಹಿಡಿಯಿತು. ಹಿಡಿದದ್ದು ಬೀಳಬಾರದಲ್ಲ ಎಂದು ಇನ್ನೊಂದು ತಿಂಗಳು ಬಿಟ್ಟೆ. ಉಮ್ಮೆ ಕುಲ್ಸುಂ ಒಮ್ಮೆಯೂ ಕೇಳಲಿಲ್ಲ. ನಾನೂ ಟೋಕನ್ ಇಲ್ಲದೆ ಹೋಗುತ್ತಿರಲಿಲ್ಲ. ಬೇರೆ ಲೈನಿನ ಸೂಪರ್‌ವೈಸರ್‌ಗಳ ಹಾಗೆ ನನಗೊಂದು ರೂಲು, ನಿಮಗೊಂದು ರೂಲು ಮಾಡಿದವಳಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಮರುವರ್ಷ ಮೂತ್ರದಲ್ಲಿ ರಕ್ತ ಕಂಡಿತು. ನೋವಿಲ್ಲ, ಏನಿಲ್ಲ. ಮುಟ್ಟು ನಿಲ್ಲುವ ವಯಸ್ಸಿನ ತಾಪತ್ರಯ ಎಂದು ಎರಡು ತಿಂಗಳು ಸುಮ್ಮನಿದ್ದೆ. ಕೊನೆಗೆ ಮಗಳು ಕಾವೇರಿ ಎಳೆದುಕೊಂಡು ಹೋದಳು. ಮೂತ್ರಚೀಲದೊಳಗೆ ಕಡಲೆಕಾಳಿನಷ್ಟು ಗಂಟು. ನಳಿಗೆ ಹಾಕಿ ಕೆರೆದು ತೆಗೆದರು. ಕ್ಯಾನ್ಸರೇ, ಆದರೆ ಒಳಗೋಡೆಯ ಮೇಲ್ಪದರದಲ್ಲೇ ಇದೆ, ಆಳಕ್ಕೆ ಇಳಿದಿಲ್ಲ ಎಂದರು ಡಾಕ್ಟರು. ಮತ್ತೆ ಬರದಂತೆ ವಾರಕ್ಕೊಂದರಂತೆ ಆರು ಸಲ ಚೀಲದೊಳಕ್ಕೇ ಔಷಧ ಬಿಡಬೇಕು. ಮಕ್ಕಳ ತೋಳಿಗೆ ಚುಚ್ಚುತ್ತಾರಲ್ಲ, ಅದೇ ಬಿಸಿಜಿ.

ಮೊದಲ ಸಲದ ಔಷಧಕ್ಕೆ ಗುರುವಾರ ರಜೆ ಹಾಕಿ, ಕಾವೇರಿಯೂ ನಾನೂ ಆಸ್ಪತ್ರೆಗೆಂದು ಬೈಯಪ್ಪನಹಳ್ಳಿಯಿಂದ ಶಿವಾಜಿನಗರದ ಬಸ್ಸು ಹತ್ತಿದೆವು.

"ಎಷ್ಟೊತ್ತಿಂದ ನೀರು ಕುಡ್ದಿಲ್ಲ?" ನರ್ಸ್ ಬಾಲಮ್ಮ ಕೇಳಿದರು.

"ನಿನ್ನೆ ಮಧ್ಯಾಹ್ನದಿಂದ."

"ಅಯ್ಯೋ ಕಡವುಳೇ! ನಾಲ್ಕು ಗಂಟೆ ಅಂದ್ರೆ ನಾಲ್ಕೇ ಗಂಟೆ. ನಿನ್ನೆಯಿಂದ ಅಂತ ಯಾರಮ್ಮ ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಹೋಗಬೇಕಾಗಬಾರದು ಎಂದರೆ ಕುಡಿಯಬಾರದು. ಲೈನಿಗೆ ಬಂದ ಹೊಸ ಹುಡುಗಿಗೆ ದಾರ ಪೋಣಿಸುವುದಕ್ಕಿಂತ ಮೊದಲು ನಾವು ಕಲಿಸುವ ವಿದ್ಯೆ ಅದು.

ಸಣ್ಣ ನಳಿಗೆಯಲ್ಲಿ ಔಷಧ ತಣ್ಣಗೆ ಒಳಗಿಳಿಯಿತು. "ಈಗ ಎರಡು ಗಂಟೆ ಹಿಡ್ಕೋಬೇಕು" ಎಂದರು ಬಾಲಮ್ಮ. "ಕಾಲು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಎಲ್ಲಾ ಕಡೆ ತಾಗ್ಬೇಕಲ್ಲ. ಬೇಗ ಬಿಟ್ಬಿಟ್ರೆ ಔಷಧ ದಂಡ."

"ರೊಟ್ಟಿ ಮಗುಚಿದಂಗೆ" ಎಂದಳು ಕಾವೇರಿ, ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು. "ನಾನು ಟೈಮ್ ನೋಡ್ತೀನಿ. ನೀನು ಬೇಯ್ತಾ ಇರು."

ಪರದೆಯ ಆಚೆ ಹೊರಮಾವಿನ ಬೈಲಪ್ಪ ಎಂಬ ಹಿರಿಯರಿದ್ದರು. ಅವರಿಗೆ ಮೂರನೇ ಸಲವಂತೆ. "ನೋಡಮ್ಮ, ಎಂಟೆಕರೆ ಹೊಲ ಸೈಟು ಮಾಡಿ ಮಾರಿದ್ದೀನಿ, ಯಾವ ಬ್ರೋಕರ್ ಮುಂದೂ ಅವಸರ ಪಟ್ಟೋನಲ್ಲ. ಇದು ಮಾತ್ರ ಓಡಿಸ್ಬಿಡ್ತೈತೆ" ಎಂದವರು, ಮಾತು ಮುಗಿಯುವಷ್ಟರಲ್ಲಿ ಪಂಚೆ ಹಿಡಿದುಕೊಂಡು ಓಡಿದರು. ನಲವತ್ತು ನಿಮಿಷವೂ ಆಗಿರಲಿಲ್ಲ.

ನನಗೆ ಉರಿ ಶುರುವಾದದ್ದು ಒಂದು ಗಂಟೆ ದಾಟಿದ ಮೇಲೆ. ಕೆರೆದ ಗಾಯ ಮಾಗಿ ಹೆಚ್ಚು ದಿನವಾಗಿರಲಿಲ್ಲ. ಹೊಕ್ಕುಳ ಕೆಳಗೆ ಯಾರೋ ಮೆಣಸಿನ ನೀರು ಕಲಕಿದ ಹಾಗೆ. ಎಡಕ್ಕೆ ಹೊರಳಿದೆ, ಬೋರಲಾದೆ, ಬಲಕ್ಕೆ ಬಂದೆ. ಅಭ್ಯಾಸವಾದ ಉಪಾಯ ಒಂದಿತ್ತು: ಹೊಟ್ಟೆಯ ಬಗ್ಗೆ ಯೋಚಿಸದೆ ಮನಸ್ಸಿನಲ್ಲೇ ಒಂದೊಂದೇ ಕಾಲರ್ ಹೊಲಿದು ಮುಗಿಸುವುದು. ಮೂಲೆ ತಿರುಗಿಸು, ಸೂಜಿ ಎತ್ತು, ದಾರ ಕತ್ತರಿಸು.

"ಆಯ್ತು ಅಮ್ಮ, ಎರಡು ಗಂಟೆ! ಎದ್ದೇಳು."

"ಇನ್ನೈದು ನಿಮಿಷ ಇರ್ಲಿ ಬಿಡು" ಎಂದೆ. ಬೇಕಿರಲಿಲ್ಲ. ಸೊಕ್ಕು, ಅಷ್ಟೇ.

ಟಾಯ್ಲೆಟ್ಟಿನಿಂದ ಹೊರಬಂದಾಗ ಬಾಲಮ್ಮ ಬೆನ್ನು ತಟ್ಟಿದರು. "ಫಸ್ಟ್ ಟೈಮಿಗೆ ಇಷ್ಟು ಹಿಡ್ದೋರು ನನಗೆ ಗೊತ್ತಿರೋ ಹಾಗೆ ಯಾರೂ ಇಲ್ಲ."

"ಏನಮ್ಮ ಗುಟ್ಟು? ನಮಗೂ ಒಸಿ ಹೇಳು" ಎಂದರು ಬೈಲಪ್ಪ.

"ಗಾರ್ಮೆಂಟ್ಸು ರೀ. ನಲವತ್ತು ಜನಕ್ಕೆ ಒಂದೇ ಟೋಕನ್. ಹತ್ತು ವರ್ಷದ ಮೇಲೆ ಟ್ರೇನಿಂಗ್ ಆಗಿದೆ."

"ಥೂ, ದನಕ್ಕೂ ಹಂಗೆ ಮಾಡಲ್ಲ. ಯಾವ ಪುಣ್ಯಾತ್ಮ ನಡೆಸ್ತಿರೋದು?"

"ಈಗ ನಮ್ಮಮ್ಮನೇ ಸೂಪರ್‌ವೈಸರ್ ಅಂಕಲ್" ಎಂದಳು ಕಾವೇರಿ, ಎದೆಯುಬ್ಬಿಸಿ.

ಬೈಲಪ್ಪ ಪಂಚೆಯ ಗಂಟು ಬಿಗಿಮಾಡಿಕೊಳ್ಳತೊಡಗಿದರು. ಬಾಲಮ್ಮ ಟ್ರೇ ಎತ್ತಿಕೊಂಡು ಹೋದರು. ಮಗಳ ಮುಖದಲ್ಲಿ ಹೆಮ್ಮೆ ಹಾಗೇ ಇತ್ತು. ಅದನ್ನು ನೋಡಲು ನನಗಾಗಲಿಲ್ಲ.

ಹೊರಡುವ ಮುಂಚೆ ಡಾಕ್ಟರನ್ನು ಕೇಳಿಯೇ ಬಿಟ್ಟೆ. "ಹಿಡ್ಕೊಂಡು ಹಿಡ್ಕೊಂಡೇ ಇದು ಬಂತಾ ಸಾರ್?"

"ಹಾಗಂತ ಹೇಳೋಕಾಗಲ್ಲ. ಬೀಡಿ ಸಿಗರೇಟು ಸೇದೋರಿಗೆ ಜಾಸ್ತಿ. ನಿಮಗ್ಯಾಕೆ ಬಂತು ಅಂತ ನನಗೆ ಗೊತ್ತಿಲ್ಲ. ಆದ್ರೆ ಇನ್ಮೇಲೆ ಹಿಡ್ಕೋಬೇಡಿ. ನೀರು ಚೆನ್ನಾಗಿ ಕುಡೀರಿ. ಎರಡು ದಿನ ಉರಿ, ಅವಸರ ಎಲ್ಲಾ ಇರುತ್ತೆ."

ಹೌದು ಅಂದಿದ್ದರೆ ತಪ್ಪನ್ನು ಟೋಕನ್ನಿನ ಮೇಲೆ ಹಾಕಿ ಹಗುರಾಗುತ್ತಿದ್ದೆ. ಈಗ ಕಾಯಿಲೆ ಬೇರೆ, ಟೋಕನ್ ಬೇರೆ ಆಯಿತು. ಟೋಕನ್ ನನ್ನ ಪಾಲಿಗೇ ಉಳಿಯಿತು.

ನಮ್ಮ ವಠಾರದಲ್ಲಿ ನಾಲ್ಕು ರೂಮಿಗೆ ಒಂದೇ ಕಕ್ಕಸು. ನಾನು ಹೋಗಿಬಂದಾಗಲೆಲ್ಲ ಕಾವೇರಿ ಬ್ಲೀಚಿಂಗ್ ನೀರು ಸುರಿದು, ಕಾಲು ಗಂಟೆ ಬಾಗಿಲಿಗೆ ಅಡ್ಡ ನಿಂತಳು. "ಅಮ್ಮಂಗೆ ಕ್ಯಾನ್ಸರ್ ಔಷಧ ಹಾಕಿದ್ದಾರೆ ಆಂಟಿ, ಔಷಧ ಹೊರಗೆ ಬರುತ್ತೆ. ಸ್ವಲ್ಪ ಹೊತ್ತು ತಡೀರಿ" ಎಂದು ಅಳುಕಿಲ್ಲದೆ ಹೇಳಿದಳು. ಹದಿನೇಳರ ಹುಡುಗಿ. ಒಬ್ಬರೂ ಎದುರು ಮಾತಾಡಲಿಲ್ಲ. ಇವಳನ್ನು ಬೆಳೆಸಿದವಳು ನಾನು ಎಂದು ಬಾಗಿಲ ಸಂದಿಯಿಂದ ನೋಡುತ್ತಾ ಕೂತಿದ್ದೆ.

ಶುಕ್ರವಾರ ಎರಡು ಲೀಟರಿನ ಬಾಟಲಿ ಹಿಡಿದು ಕೆಲಸಕ್ಕೆ ಹೋದೆ. ಹತ್ತು ಗಂಟೆಯೊಳಗೆ ಎರಡು ಸಲ ಟೋಕನ್ ತೆಗೆದುಕೊಂಡು ಹೋಗಿ ಬಂದೆ. ಮೂರನೇ ಸಲ ಎದ್ದಾಗ ಮೊಳೆ ಖಾಲಿ. ಫಹ್ಮಿದಾ ಎಂಬ ಹೊಸ ಹುಡುಗಿ ಒಯ್ದಿದ್ದಳು. ನಿಂತೆ. ಎರಡು ಗಂಟೆ ಹಿಡಿದವಳು ಐದು ನಿಮಿಷ ಹಿಡಿಯಲಾರೆನೇ? ಮನಸ್ಸಿನಲ್ಲಿ ಕಾಲರ್ ಹೊಲಿಯಲು ಹೋದೆ, ಮೊದಲ ಮೂಲೆಯನ್ನೂ ತಿರುಗಿಸಲಾಗಲಿಲ್ಲ.

ಉಮ್ಮೆ ಕುಲ್ಸುಂ ಮಿಷನ್ ನಿಲ್ಲಿಸಿದಳು. "ಅಕ್ಕಾ, ಹೋಗು. ಮೊಳೆ ಏನು ನೋಡ್ತೀಯಾ?"

"ಟೋಕನ್ ಇಲ್ಲ."

"ನೀನು ಸೂಪರ್‌ವೈಸರ್ ಅಲ್ವಾ?"

"ಅದಕ್ಕೇ ನಿಂತಿರೋದು."

"ಅರೇ ಅಲ್ಲಾ! ಸೀರೆ ಒದ್ದೆ ಮಾಡ್ಕೊಂಡು ನಿಯತ್ತು ತೋರಿಸ್ತೀಯಾ? ಒಬ್ಳು ಮಾಡ್ಕೊಂಡಿದ್ದು ಸಾಲ್ದಾ ಈ ಲೈನಿಗೆ?"

ಎಂಟು ವರ್ಷದಲ್ಲಿ ಅವಳು ಆ ದಿನದ ಸುದ್ದಿ ಎತ್ತಿದ್ದು ಅದೊಂದೇ ಸಲ. ನಾನು ಓಡಿದೆ. ಕಾರಿಡಾರಿನಲ್ಲಿ ಫಹ್ಮಿದಾ ಎದುರಾದಳು. ದುಪಟ್ಟಾ ಜಾರಿತ್ತು, ಮುಖವೆಲ್ಲ ಬೆವರು. ಅವಳೂ ಓಡುತ್ತಿದ್ದಳು, ನನ್ನ ಹೆದರಿಕೆಗೆ. "ಸಾರಿ ಮೇಡಂ, ಲೇಟಾಯ್ತು, ಸಾರಿ" ಎಂದು ಟೋಕನ್ ಚಾಚಿದಳು. ಈಸಿಕೊಂಡೆ.

ವಾಪಸ್ಸು ಬಂದವಳು ಅದನ್ನು ಮೊಳೆಗೆ ಹಾಕದೆ ಪ್ರೊಡಕ್ಷನ್ ಮ್ಯಾನೇಜರ್ ಭೀಮಾಶಂಕರ ಅವರ ಬಳಿಗೆ ಹೋದೆ.

"ಸಾರ್, ಏಳನೇ ಲೈನಿಗೆ ಇನ್ಮೇಲೆ ಇದು ಇರಲ್ಲ."

"ಏನ್ರೀ ಶೇಷಮ್ಮ, ಔಷಧ ತಲೆಗೆ ಹತ್ತಿದೆಯಾ? ಟಾರ್ಗೆಟ್ ಬಿದ್ರೆ?"

"ಬಿದ್ರೆ ನನ್ನನ್ನ ವಾಪಸ್ ಮಿಷನ್ನಿಗೆ ಹಾಕಿ. ಕಾಲರ್ ಹೊಲಿಯೋದು ಮರ್ತಿಲ್ಲ."

ಅವರು ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. "ಹದಿನೈದು ದಿನ ನೋಡ್ತೀನಿ. ಆಮೇಲೆ ನನ್ನನ್ನ ಕೇಳ್ಬೇಡಿ."

"ಕೇಳಲ್ಲ."

ಲೈನಿಗೆ ಬಂದು, ನಲವತ್ತು ಜನರ ಎದುರು ಅದನ್ನು ಚಿಂದಿಯ ಡಬ್ಬಕ್ಕೆ ಹಾಕಿದೆ. "ಯಾರಿಗೆ ಬೇಕೋ ಎದ್ದು ಹೋಗಿ. ನೀರು ಕುಡೀರಿ" ಎಂದೆ. ಯಾರೂ ಏಳಲಿಲ್ಲ, ನಂಬಿಕೆ ಬಂದಿರಲಿಲ್ಲ. ಉಮ್ಮೆ ಕುಲ್ಸುಂ ಎದ್ದಳು. ನನ್ನ ಮೇಜಿನ ಮೇಲಿದ್ದ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು, ನಿಧಾನವಾಗಿ, ಕೈ ಬೀಸಿಕೊಂಡು ನಡೆದು ಹೋದಳು.

ನನಗಿನ್ನೂ ಐದು ಗುರುವಾರ ಬಾಕಿ ಇವೆ. ಅವಳಿಗೆ ಕೊಟ್ಟ ಮಾತನ್ನು ನಡೆಸಿದ್ದೇನೆ, ಒಂದು ವರ್ಷ ತಡವಾಗಿ.